ಸಿಟ್ಟು ಬಿಡಿಸುವ ತರಗತಿ

ಕಣ್ಣು ಮುಚ್ಚಿದರೂ ಕತ್ತಲಾಗುವುದಿಲ್ಲ, ಕಿಟಕಿಯ ಬಿಸಿಲು ರೆಪ್ಪೆಯ ಮೇಲೆ ಬಿದ್ದು ಒಳಗೆಲ್ಲ ಕೆಂಪು ಕೆಂಪು, ಉಸಿರು ಒಳಗೆ ಬರುತ್ತಿದೆ, ಉಸಿರು ಹೊರಗೆ ಹೋಗುತ್ತಿದೆ, ಸುಮ್ಮನೆ ಗಮನಿಸುತ್ತಿರಿ ಎನ್ನುತ್ತಿದ್ದಾನೆ ಮೈಕಿನವನು, ಪಾಕದಲ್ಲಿ ಅದ್ದಿ ತೆಗೆದಂಥ ದನಿ, ಕೇಳಿದರೇ ಪಲ್ಲವಿಗೆ ಮೈ ಉರಿಯುತ್ತದೆ, ಬರದೆ ಎಲ್ಲಿಗೆ ಹೋದೀತು ಉಸಿರು, ಒಳಗೇ ಮನೆ ಕಟ್ಟಿಕೊಂಡು ಕೂತೀತೇ, ಇಷ್ಟನ್ನು ಹೇಳಲು ಕಲಬುರಗಿಯಿಂದ ಕಾರು ಮಾಡಿಸಿಕೊಂಡು ಬಂದಿದ್ದಾನೆ, ಬಿಳಿ ಜುಬ್ಬಾ, ಕಿವಿಗೆ ಸಿಕ್ಕಿಸಿದ ಮೈಕು, ಹಿಂದಿನ ಗೋಡೆಯ ಮೇಲೆ ಒಂದಾದ ಮೇಲೊಂದು ಬೆಳಕಿನ ಅಕ್ಷರ – ಧ್ಯಾನದಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಬಿಪಿ ಇಳಿಯುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ, ಸಿಟ್ಟು ಕಡಿಮೆಯಾಗುತ್ತದೆ, ಸಂಬಂಧಗಳು ಸುಧಾರಿಸುತ್ತವೆ – ಸಂಬಂಧ ಅನ್ನುವಾಗ ಅವನು ಮುಂದಿನ ಸಾಲಿನ ಕಡೆ ನೋಡಿ ನಕ್ಕದ್ದನ್ನು ಅವಳು ನೋಡಿದ್ದಾಳೆ, ಅಲ್ಲಿ ದೊಡ್ಡ ಡಾಕ್ಟರ ಪಕ್ಕದಲ್ಲಿ, ಅವರ ಚೇಂಬರಿನಿಂದಲೇ ಹೊರಿಸಿಕೊಂಡು ಬಂದ ಮೆತ್ತನೆಯ ಕುರ್ಚಿಯಲ್ಲಿ ಜಗದೇವಪ್ಪ ಕೂತಿದ್ದಾನೆ, ಆಳಂದದಲ್ಲಿ ರೈತರ ತೊಗರಿ ಮಾರಿಸುವ ಅಡತಿ ಅಂಗಡಿಯ ಜಗದೇವಪ್ಪ, ಹೋದ ತಿಂಗಳು ಇದೇ ಆಸ್ಪತ್ರೆಯ ಕೆಳಗಿನ ವಾರ್ಡಿನಲ್ಲಿ ತನ್ನ ಕೆನ್ನೆಗೆ ಹೊಡೆದ ಜಗದೇವಪ್ಪ, ಅವನಿಗೆ ಕುರ್ಚಿ, ಹೊಡೆಸಿಕೊಂಡವಳಿಗೆ ಚಾಪೆ, ಉಳಿದ ನರ್ಸುಗಳಿಗೂ ಆಯಾಗಳಿಗೂ ಚಾಪೆ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಅವರ ಬೆನ್ನು ಯಾವತ್ತು ನೆಟ್ಟಗಿತ್ತು, ಬಾಗಿ ಬಾಗಿ ಮಂಚಗಳ ಅಡಿ ಕಸ ಹೊಡೆಯುವಾಗ ಯಾರಾದರೂ ನೆಟ್ಟಗೆ ಕೂಡ್ರಿ ಅಂದಿದ್ದರೇ.

ಸ್ಟಾಫಿನ ಮೇಲೆ ಒತ್ತಡ ಭಾಳ ಆಗ್ಯಾದ, ಒಂದು ಧ್ಯಾನದ ಕ್ಲಾಸ್ ಇಡೋಣು ಅಂದಿದ್ದರು ದೊಡ್ಡ ಡಾಕ್ಟರು, ಅವಳನ್ನು ಚೇಂಬರಿಗೆ ಕರೆದು, ಬಾಗಿಲು ಮುಂದೆ ಮಾಡಿ, ನೋಡವಾ ಪಲ್ಲವಿ, ನೀ ಚಲೋ ಕೆಲಸ ಮಾಡ್ತಿ, ಖರೆ, ಆದ್ರ ಸಿಟ್ಟು ಭಾಳ ಅದ ನಿನಗ, ಪೊಲೀಸ್ ಠಾಣೆತನಕ ಹೋಗೋ ಮಾತಾ ಇದು, ಅವರೂ ದೊಡ್ಡವರದಾರ, ಊರಾಗ ನಾಳೆ ನಾವೂ ಇರಬೇಕಲ್ಲ, ಕ್ಲಾಸ್ ಆದ ಮ್ಯಾಲೆ ಅವರೇ ಬಂದು ನಿನಗ ಶಾಲು ಹೊದಿಸ್ತಾರಂತ, ಒಂದು ಫೋಟೋ ತಗಸೋಣು, ಸಂಜಿಕೆ ಹೋಗಿ ದೂರು ವಾಪಸ್ ತಗೊಂಡು ಬಾ, ಮುಗೀತು. ಮುಗೀತಂತೆ. ಹೊಡೆತ ತಿಂದ ಕೆನ್ನೆಗೆ ಶಾಲು ಹೊದಿಸುತ್ತಾರಂತೆ. ಇಡೀ ತಿಂಗಳು ಮಾತಾಡಲು ಹೋದರೆ ಸಾಕು, ಅವಳ ಕೈ ನಡುಗುತ್ತದೆ, ಠಾಣೆಯಲ್ಲಿ ಕೇಳಿದರು, ಅವರು ಹೊಡಿಯೂಕಿಂತ ಮೊದಲ ನೀವು ಏನಂದ್ರಿ, ಅವಳು ತಡವರಿಸಿದಳು, ಏನೂ ಅಂದಿಲ್ರಿ ಅಂದಳು, ಏನೂ ಅನ್ನದ ಹ್ಯಾಂಗ ಹೊಡೀತಾರವ್ವ ಯಾರಾದ್ರೂ ಎಂದು ಅವರು ಪೆನ್ನಿನ ಟೋಪಿ ಮುಚ್ಚಿದರು. ಊರಲ್ಲಿ ಆಗಲೇ ಬೇರೆ ಕತೆ ಓಡಾಡುತ್ತಿತ್ತು, ಆಕಿ ಏಕವಚನದಾಗ ಮಾತಾಡಿದಳಂತ, ಕಣ್ಣು ಕಾಣಂಗಿಲ್ಲೇನಲೇ ಅಂದಳಂತ, ಜಗದೇವಪ್ಪನ ಅವ್ವ ಮುದುಕಿಗಿ ಸಲೈನ್ ಮುಗದು ಪೈಪಿನಾಗ ರಕ್ತ ಏರಾಕತ್ತಿತ್ತಂತ, ಆಕಿ ನಿಂತು ನಕ್ಕಳಂತ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಿಂದ ಅಫಜಲಪುರದ ಬಸ್ಸು ಹತ್ತಿದ ಕತೆ ಜೇವರ್ಗಿಯಲ್ಲಿರುವ ಅವಳ ಚಿಕ್ಕಮ್ಮನ ಮನೆಗೂ ಮುಟ್ಟಿ, ಚಿಕ್ಕಮ್ಮ ಫೋನು ಮಾಡಿ, ನೀ ಯಾಕ ಅಷ್ಟು ಜೋರ ಮಾತಾಡ್ದಿ ಮಗಳ ಅಂದಳು. ಕೇಳಿ ಕೇಳಿ, ಕೊನೆಗೆ ಅವಳಿಗೇ ಅನುಮಾನ ಹತ್ತಿತು, ಅಂದಿದ್ದೆನೇನೋ, ಬಾಯಿ ತಪ್ಪಿ ಬಂದಿತ್ತೇನೋ, ಆ ಗಳಿಗೆಯನ್ನು ಎಷ್ಟು ಸಲ ಹಿಡಿಯಲು ಹೋದರೂ ಒಂದು ಫಟ್ ಎಂಬ ಸಪ್ಪಳ, ಆಮೇಲೆ ಕಿವಿಯಲ್ಲಿ ಗುಂಯ್, ಅದರ ಹಿಂದಿನದೆಲ್ಲ ಮಸಕು, ವಾರ್ಡಿನ ಕ್ಯಾಮೆರಾ ಅವತ್ತು ಬಂದ್ ಇತ್ತಂತೆ, ನೋಡಿದವಳು ಒಬ್ಬಳೇ, ಆಯಾ ಪ್ಯಾರಿಬಿ, ಈಗ ಪಕ್ಕದ ಚಾಪೆಯಲ್ಲೇ ಕೂತಿದ್ದಾಳೆ, ಎಲೆ ಅಡಿಕೆ ವಾಸನೆ ಬರುತ್ತಿದೆ, ಅವಳನ್ನು ಕೇಳಿದರೆ ಹೋಗ್ಲಿ ಬಿಡು ಬೇಟಿ, ನಂದೂ ಹೊಟ್ಟಿ ಅದ, ನಾ ಏನೂ ನೋಡಿಲ್ಲ ಅಂದು ಬಕೀಟು ಎತ್ತಿಕೊಂಡು ಹೋಗಿಬಿಟ್ಟಿದ್ದಳು, ಎಲ್ಲರಿಗೂ ಹೊಟ್ಟೆ ಇದೆ, ಪಲ್ಲವಿಗೊಬ್ಬಳಿಗೇ ಕೆನ್ನೆ.

ಮನಸ್ಸು ಅಲೆಯುತ್ತಿದ್ದರೆ ಬೈಯಬೇಡಿ, ಮೆಲ್ಲಗೆ ಉಸಿರಿಗೆ ಕರೆತನ್ನಿ ಎನ್ನುತ್ತಾನೆ ಮೈಕಿನವನು, ಮನೆಯಲ್ಲಿ ಅಪ್ಪನೂ ಇದೇ ರಾಗ, ಅಪ್ಪ ಧಮ್ಮಪಾಲ, ಅವಳಿಗೆ ಬುದ್ಧಿ ಬಂದಾಗಿನಿಂದ ನೋಡಿದ್ದಾಳೆ, ಬೆಳಿಗ್ಗೆ ಎದ್ದು ಬುದ್ಧನ ಫೋಟೋದ ಮುಂದೆ ಕಣ್ಣು ಮುಚ್ಚಿ ಕೂರುವುದು, ಅವ್ವ ರಮಾಬಾಯಿ ಅಡುಗೆಮನೆಯಿಂದ ನೀರು ಬಂದಾವ, ಕೊಡ ತುಂಬ್ಸಿ ಕೂಡ್ರಿ ಅಂತ ಒದರುವುದು, ಅಪ್ಪ ಅಲುಗಾಡದಿರುವುದು, ಚಿಕ್ಕವಳಿದ್ದಾಗ ಅಪ್ಪನ ಮೂಗಿನ ಮೇಲೆ ನೊಣ ಕೂತದ್ದನ್ನು ನೋಡಿ ನಕ್ಕಿದ್ದಳು, ಈಗ ನಗು ಬರುವುದಿಲ್ಲ, ಆ ದಿನ ಕೆನ್ನೆ ಊದಿಸಿಕೊಂಡು ಮನೆಗೆ ಹೋದಾಗ ಅವ್ವ ಎದೆ ಬಡಿದುಕೊಂಡು ಅತ್ತಳು, ಅಣ್ಣ ಬಡಿಗೆ ಹುಡುಕಿದ, ಅಪ್ಪ ಮಾತ್ರ ವಾರ ಕಳೆದ ಮೇಲೆ ಅವಳ ಎದುರು ಕೂತು, ನೀ ಆವಾಗ ಏನಂದಿದ್ದಿ ಎಂದು ಕೇಳಿದ. ಪೊಲೀಸರು ಕೇಳಿದ್ದೇ. ಊರು ಕೇಳಿದ್ದೇ. ನೀನೂ ಅವರ ಹಂಗೇ ಏನಪ್ಪ ಎಂದು ಅವಳು ಚೀರಿದಳು, ಅಪ್ಪ ದನಿ ಏರಿಸಲಿಲ್ಲ, ಹಂಗಲ್ಲ ತಂಗಿ, ನೀ ಏನಂದಿ ಅಂಬೋದು ನಿನಗ ಪಕ್ಕಾ ಇರಬೇಕು, ಇಲ್ಲಂದ್ರ ಅವರು ಹೇಳಿದ್ದೇ ನಿಂದಾಗ್ತದ, ಜರಾ ಸುಮ್ಮನ ಕೂತು ನೋಡು, ನೆನಪಾಗ್ತದ. ಸುಮ್ಮನೆ ಕೂರಬೇಕಂತೆ, ಹೊಡೆದವನು ಓಡಾಡುತ್ತಾನೆ, ತಾನು ಸುಮ್ಮನೆ ಕೂರಬೇಕು, ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ, ಚಹಾ ಮುಂದಿಟ್ಟು ಮುಖ ತಿರುಗಿಸಿಕೊಂಡು ಬರುತ್ತಾಳೆ, ಅವನ ಶಾಂತಿ ಅವನಿಗಿರಲಿ, ಶಾಂತಿ ಅನ್ನುವುದು ಗಂಡಸರು ಹೆಂಗಸರ ಬಾಯಿಗೆ ತುರುಕುವ ಅರಿವೆ ಅನ್ನಿಸುತ್ತದೆ ಒಮ್ಮೊಮ್ಮೆ – ಈಗ, ಎನ್ನುತ್ತಾನೆ ಮೈಕಿನವನು, ದನಿಯನ್ನು ಇನ್ನೂ ಮೆತ್ತಗೆ ಮಾಡಿ, ಈಗ ನಿಮಗೆ ನೋವು ಕೊಟ್ಟ ಒಬ್ಬ ವ್ಯಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಅವರ ಮುಖ ನೋಡಿ, ಅವರನ್ನು ಕ್ಷಮಿಸಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿ.

ತಂದುಕೊಳ್ಳುವುದೇನು, ಕಣ್ಣು ಬಿಟ್ಟರೆ ಎದುರಿಗೇ ಇದ್ದಾನೆ. ಎದ್ದು ಹೋಗಿಬಿಡಬೇಕು ಅನ್ನಿಸಿತು, ಎದ್ದರೆ ಎಲ್ಲರೂ ನೋಡುತ್ತಾರೆ, ನೋಡಿದ್ರಾ ಆಕಿ ಸಿಟ್ಟು ಅನ್ನುತ್ತಾರೆ, ಆಯಿತು, ತರುತ್ತೇನೆ ಮುಖ, ಹಟದಿಂದ ತಂದಳು, ಕ್ಷಮಿಸಲು ಅಲ್ಲ, ಉಗಿಯಲು, ಆದರೆ ಮುಖ ಬರುವುದಿಲ್ಲ, ಬೂಟು ಬರುತ್ತವೆ, ವಾರ್ಡಿನ ಒಳಗೆ ಬೂಟು ಹಾಕಿಕೊಂಡು ಬಂದಿದ್ದ, ಅಂದರೆ ನಾನು ಕೆಳಗೆ ನೋಡುತ್ತಿದ್ದೆ, ಯಾಕೆ ಕೆಳಗೆ ನೋಡುತ್ತಿದ್ದೆ, ಬಗ್ಗಿದ್ದೆ, ಯಾಕೆ ಬಗ್ಗಿದ್ದೆ, ಉಸಿರು ಒಳಗೆ, ಉಸಿರು ಹೊರಗೆ, ಮಂಚದ ಮೇಲೆ ಕೂಸು – ಕೂಸು, ಹೌದು, ಮಾದನಹಿಪ್ಪರಗಾದಿಂದ ಜೀಪಿನಲ್ಲಿ ತಂದಿದ್ದ ಎರಡು ವರ್ಷದ ಕೂಸು, ಇರಮ ಅಂತ ಹೆಸರು, ಜ್ವರ ನೆತ್ತಿಗೇರಿ ಫಿಟ್ಸ್ ಬಂದು ಕಣ್ಣು ಮೇಲೆ ಸಿಕ್ಕಿಸಿಕೊಂಡಿತ್ತು, ಅದರ ತಾಯಿ ಗೋಡೆಗೆ ಆತು ಕುಸಿದಿದ್ದಳು, ಕೂಸಿನ ಕೈಯಲ್ಲಿ ನರ ಸಿಗುತ್ತಿಲ್ಲ, ಎಳೆಯ ಕೈ, ಸಿಕ್ಕಿತು, ಸೂಜಿ ಒಳಗೆ ಹೋಯಿತು, ಹಿಂದಿನಿಂದ ಅವನ ದನಿ, ಏ ನರ್ಸ್, ನಮ್ಮವ್ವಂದು ಬಾಟ್ಲಿ ಮುಗದದ, ಈಗಿಂದೀಗ ಬಾ, ಮುಗಿದಿರಲಿಲ್ಲ, ನಾನು ಆ ಕಡೆ ಹೊರಳಿ ನೋಡಿದ್ದೆ, ಬಾಟಲಿಯಲ್ಲಿ ಇನ್ನೂ ನೀರಿತ್ತು, ಹನಿ ಬೀಳುತ್ತಿತ್ತು, ರಕ್ತ ಎಲ್ಲಿಯದು, ಅವನ ತಾಯಿ ಹಲ್ಲಿಲ್ಲದ ಬಾಯಲ್ಲಿ ಹೋಗ್ಲಿ ಬಿಡೋ ಜಗ್ಗ್ಯಾ, ಕೂಸಿಂದು ನೋಡ್ಲಿ ಅಂದಿದ್ದಳು, ಅಂದಿದ್ದಳು, ಕೇಳಿಸುತ್ತಿದೆ, ಆಗ ತಾನು ಅಂದದ್ದು – ಪಲ್ಲವಿಯ ಉಸಿರು ನಿಂತಂತಾಯಿತು – ಎರಡು ನಿಮಿಷ ನಿಂದ್ರಿ ಸಾಹೇಬ್ರ, ಕೂಸಿಂದು ಮುಗಿಸಿ ಬರ್ತೇನಿ. ಇಷ್ಟೇ. ಸಾಹೇಬ್ರ ಅಂದಿದ್ದೆ. ನಿಂದ್ರಿ ಅಂದಿದ್ದೆ, ಅದೇ ಹೆಚ್ಚಾಯಿತು, ಯಾರಿಗಿ ನಿಂದ್ರಿ ಅಂತಿ ಬೇ ನೀ ಅಂದ, ಬೂಟು ಹತ್ತಿರ ಬಂದವು, ಫಟ್, ಕಿವಿಯಲ್ಲಿ ಗುಂಯ್, ತಲೆ ಮಂಚದ ಕಂಬಿಗೆ ಬಡಿಯಿತು, ಆದರೆ ಕೈ, ಅವಳ ಕೈ, ಕೂಸಿನ ಕೈಯಿಂದ ಮೇಲೆ ಏಳಲಿಲ್ಲ, ಸೂಜಿ ಜಾರದಂತೆ ಹೆಬ್ಬೆರಳು ಅರಳೆಯ ಮೇಲೆ ಒತ್ತಿ ಹಿಡಿದದ್ದು ಹಾಗೇ ಇತ್ತು, ಒಂದಿಷ್ಟೂ ಅಲುಗಿರಲಿಲ್ಲ, ಇದು ಎಲ್ಲಿ ಹೋಗಿತ್ತು ಇಡೀ ತಿಂಗಳು, ತನ್ನದೇ ಕೈ ಮಾಡಿದ್ದನ್ನು ಊರಿನ ಕತೆಯ ಕೆಳಗೆ ಹೂತು ಹಾಕಿಕೊಂಡು ತಲೆ ತಗ್ಗಿಸಿ ಓಡಾಡಿದ್ದಳಲ್ಲ. ಸಂಜೆ ಕೂಸು ಕಣ್ಣು ಬಿಟ್ಟು ನೀರು ಕೇಳಿತ್ತು. ಅದನ್ನೂ ಮರೆತಿದ್ದಳು.

ಕಣ್ಣು ತೆರೆಯಿರಿ, ಮುಗುಳ್ನಗಿ, ಪಕ್ಕದವರಿಗೆ ಕೈ ಮುಗಿಯಿರಿ – ಎಲ್ಲರೂ ಮುಗಿದರು, ದೊಡ್ಡ ಡಾಕ್ಟರು ಎದ್ದು ಗಂಟಲು ಸರಿಮಾಡಿಕೊಂಡರು, ಈಗ ಒಂದು ಸಂತೋಷದ ಸುದ್ದಿ, ನಮ್ಮ ಜಗದೇವಪ್ಪನವರು ದೊಡ್ಡ ಮನಸ್ಸು ಮಾಡಿ ಬಂದಾರ, ನಮ್ಮ ಪಲ್ಲವಿಗೂ ಧ್ಯಾನದಿಂದ ಮನಸ್ಸು ಹಗುರಾಗಿರಬೇಕು, ಬಾರವಾ ಮುಂದ, ಫೋಟೋದವನು ಮುಂದೆ ಬಂದ, ಜಗದೇವಪ್ಪ ಶಾಲು ಬಿಡಿಸಿ ಹಿಡಿದು, ಆಗಿದ್ದು ಆತು ತಂಗಿ, ನಿಂದೂ ಬಾಯಿ ಜರಾ ಜೋರಿತ್ತು, ನಂದೂ ಕೈ ಜರಾ ಮುಂದ ಹೋತು ಅಂದ, ಸಭೆ ಮೆಲ್ಲಗೆ ನಕ್ಕಿತು. ಪಲ್ಲವಿ ಎದ್ದು ಅವನ ಎದುರು ನಿಂತಳು, ಕೈ ನಡುಗುತ್ತದೆಯೇ ಎಂದು ನೋಡಿಕೊಂಡಳು, ಇಲ್ಲ, ಸಿಟ್ಟು ಎಲ್ಲಿ ಹೋಯಿತು, ಎಲ್ಲಿಯೂ ಹೋಗಿಲ್ಲ, ಕುದಿಯುವುದು ನಿಂತು ಕಬ್ಬಿಣದ ಹಾಗೆ ಗಟ್ಟಿಯಾಗಿ ಎದೆಯಲ್ಲಿ ನಿಂತಿದೆ, ಹಿಡಿಯಲು ಬರುವಂತೆ. ನನ್ನ ಬಾಯಿ ಜೋರಿರ್ಲಿಲ್ರಿ, ಅಂದಳು, ಎರಡು ನಿಮಿಷ ನಿಂದ್ರಿ ಸಾಹೇಬ್ರ, ಕೂಸಿಂದು ಮುಗಿಸಿ ಬರ್ತೇನಿ, ಇಷ್ಟು ಅಂದಿದ್ದೆ, ನಿಮ್ಮವ್ವನ ಬಾಟ್ಲಿ ಮುಗದಿರ್ಲಿಲ್ಲ, ನಿಮ್ಮವ್ವ ಸುದ್ದಾ ಹೋಗ್ಲಿ ಬಿಡೋ ಅಂದಿದ್ರು, ಖರೆನೋ ಸುಳ್ಳೋ ಮನಿಗಿ ಹೋಗಿ ಅವರಿಗೇ ಕೇಳ್ರಿ, ದೂರು ವಾಪಸ್ ತಗೊಳ್ಳಂಗಿಲ್ಲ, ಹೇಳಿಕಿ ಮತ್ತೊಮ್ಮೆ ಬರಸ್ತೇನಿ. ಜಗದೇವಪ್ಪನ ನಗು ಮುಖದ ಮೇಲೆ ಹಾಗೇ ಒಣಗಿತು, ಪಲ್ಲವಿ ಕೂಡು, ಕೂಡು ಅಂತೀನಿ ಅಂದರು ಡಾಕ್ಟರು, ಮೈಕಿನವನಿಗೆ ಏನು ಮಾಡಬೇಕೋ ತಿಳಿಯದೆ, ಎಲ್ಲರೂ ಮತ್ತೊಮ್ಮೆ ಉಸಿರಿನ ಕಡೆ ಅಂದ, ಯಾರೂ ಕೇಳಿಸಿಕೊಳ್ಳಲಿಲ್ಲ, ಯಾರು ನೋಡ್ಯಾರ, ಸಾಕ್ಷಿ ಯಾರದಾರ ಎಂದು ಜಗದೇವಪ್ಪ ಗುಡುಗಿದ, ಚಾಪೆಯ ಮೇಲೆ ಬಳೆ ಸಪ್ಪಳವಾಯಿತು, ಪ್ಯಾರಿಬಿ ಮೊಳಕಾಲಿಗೆ ಕೈ ಊರಿ ಏಳುತ್ತಿದ್ದಳು, ಎದ್ದು ಸೆರಗು ತಲೆಗೆಳೆದುಕೊಂಡು, ನಾ ಇದ್ದೆ ರೀ ಅಲ್ಲಿ, ಆಕಿ ಹೇಳಿದ್ದು ಖರೆ ಅದ, ಠಾಣೆಗೂ ಬರ್ತೇನಿ ಅಂದಳು, ದನಿ ನಡುಗುತ್ತಿತ್ತು, ಅಂದಮೇಲೆ ಕೂರಲಿಲ್ಲ.

ಇಬ್ಬರೂ ನಾಳಿಂದ ಬರಬ್ಯಾಡ್ರಿ ಎಂದು ಡಾಕ್ಟರು ಕೂಗಿದ್ದು ಮೆಟ್ಟಿಲ ತನಕ ಕೇಳಿಸಿತು, ಹೋಗಲಿ, ಕೆಲಸ ಹೋಯಿತು, ಅವ್ವ ಅಳುತ್ತಾಳೆ, ಅಪ್ಪನಿಗೆ ಏನು ಹೇಳುವುದು, ನೀ ಹೇಳಿದ್ದು ಸರಿ ಅನ್ನಬೇಕೇ, ಅನ್ನುವುದಿಲ್ಲ, ಇವತ್ತಂತೂ ಅನ್ನುವುದಿಲ್ಲ, ನಾ ಅಂದಿದ್ದು ಇಷ್ಟಪ್ಪ ಎಂದು ಹೇಳಿದರೆ ಸಾಕು, ಅವನಿಗೆ ತಿಳಿಯುತ್ತದೆ, ಮೈಕಿನವನ ಲಾಭದ ಪಟ್ಟಿ ಗೋಡೆಯ ಮೇಲೆ ಇನ್ನೂ ಬೆಳಗುತ್ತಿರಬಹುದು, ನೆನಪಿನ ಶಕ್ತಿ ಹೆಚ್ಚುತ್ತದೆ, ಬೆಂಕಿ ಬೀಳಲಿ ಅವನ ಪಟ್ಟಿಗೆ, ಅವನು ಧ್ಯಾನವನ್ನು ನೆನಪಿಗೆಂದು ಕೊಟ್ಟದ್ದಲ್ಲ, ಮರೆಸಲು ಕೊಟ್ಟದ್ದು, ಹೊರಗೆ ರಣಬಿಸಿಲು, ತೊಗರಿ ಚೀಲದ ಲಾರಿ ದಾರಿ ಕಟ್ಟಿ ನಿಂತು ಹಾರ್ನು ಹೊಡೆಯುತ್ತಿದೆ, ಪ್ಯಾರಿಬಿ ಚಪ್ಪಲಿ ಮೆಟ್ಟುತ್ತ ಏನೋ ಕೇಳುತ್ತಿದ್ದಾಳೆ, ಠಾಣೆ ಈ ಕಡೆಯೋ ಆ ಕಡೆಯೋ, ಪಲ್ಲವಿಗೆ ಕೇಳಿಸುತ್ತಿಲ್ಲ, ಲಾರಿ ಇಲ್ಲ, ಬಿಸಿಲಿಲ್ಲ, ಅವನ ಮುಖವೂ ಇಲ್ಲ, ಮಂಚದ ಕಂಬಿಗೆ ತಲೆ ಬಡಿದಿದೆ, ಕಿವಿ ಗುಂಯ್ ಅನ್ನುತ್ತಿದೆ, ಎಳೆಯ ಕೈ, ಅದರ ಮೇಲೆ ಬಿಳಿ ಅರಳೆ, ಅರಳೆಯ ಮೇಲೆ ತನ್ನ ಹೆಬ್ಬೆರಳು, ಅಲುಗದೆ, ತನ್ನ ಹೆಬ್ಬೆರಳು.