ಲಿಖಿತಾ ಮಾತಾಡಲಿ

ನಾಲ್ಕು ವರ್ಷ ತುಂಬಿದರೂ ಲಿಖಿತಾಗೆ ಮಾತು ಬಂದಿರಲಿಲ್ಲ. ಅಕ್ಕಪಕ್ಕದವರು ಬಜೆ ಬೇರು ತೇಯ್ದು ನಾಲಿಗೆಗೆ ಸವರಿ ಅಂದರು. ತಿಪಟೂರಿನ ಡಾಕ್ಟರು, "ಕಿವಿ ಚೆನ್ನಾಗಿ ಕೇಳುತ್ತೆ. ನೀವು ಅವಳ ಜೊತೆ ಮಾತಾಡ್ತಾನೇ ಇರಿ" ಅಂದರು. ಒಂದು ಸಂಜೆ ಅಪ್ಪ ರುದ್ರೇಶ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟದಿಂದ ಬಂದವನೇ, ಹೆಂಡತಿ ಶಿವಗಂಗಾಳ ತಲೆ ಮುಟ್ಟಿದ.

"ನಿನ್ನಾಣೆ ಕಣೇ. ಈ ಕೂಸು ಒಂದ್ಸಲ ಬಾಯಿ ಬಿಡ್ಲಿ. ಆಮೇಲೆ ಅವಳು ಏನ್ ಬೇಕಾದ್ರೂ ಹೇಳ್ಲಿ, ನಾನಂತೂ ಬಾಯ್ಮುಚ್ಚು ಅನ್ನಲ್ಲ."

ಕೂಸು ಬಾಯಿ ಬಿಟ್ಟಳು. ಬಿಟ್ಟ ಬಾಯಿ ಮುಚ್ಚಲಿಲ್ಲ.

ಈಗ ಲಿಖಿತಾ ಒಂಬತ್ತನೇ ಕ್ಲಾಸು. ಊರು ಹೊನ್ನವಳ್ಳಿ ಕಡೆ. ಹೈಸ್ಕೂಲಿನ ಪಕ್ಕದಲ್ಲೇ ಸೂರ್ಯಪ್ರಕಾಶನ ನಾರಿನ ಫ್ಯಾಕ್ಟರಿ. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಮಿಷನ್ನಿಗೆ ಹಾಕಿದರೆ ನಾರು ಒಂದು ಕಡೆ, ಪುಡಿ ಒಂದು ಕಡೆ. ಗಾಳಿ ಎದ್ದರೆ ಆ ಪುಡಿಯೆಲ್ಲ ಸ್ಕೂಲಿನೊಳಗೆ. ಮಕ್ಕಳು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಪಾಠ ಕೇಳುತ್ತಿದ್ದರು. ಲಿಖಿತಾಳ ಗೆಳತಿ ನಿಸರ್ಗಳಿಗೆ ಕೆಮ್ಮು ಶುರುವಾದರೆ ಉಸಿರೇ ಸಿಗುತ್ತಿರಲಿಲ್ಲ.

ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇತ್ತು. ಊರಿನ ತೊಂದರೆಗಳನ್ನು ಮಕ್ಕಳೇ ಎದ್ದು ಹೇಳುವ ಸಭೆ ಅದು. ಕ್ಲಾಸಿನವರೆಲ್ಲ ಸೇರಿ ಪುಡಿಯ ವಿಷಯ ಹೇಳಲು ಲಿಖಿತಾಳನ್ನು ಆರಿಸಿದರು.

ಸುದ್ದಿ ಸೂರ್ಯಪ್ರಕಾಶನಿಗೂ ಮುಟ್ಟಿತು. ಬೈಕಿನಲ್ಲಿ ತೋಟಕ್ಕೇ ಬಂದ.

"ರುದ್ರಣ್ಣ, ಮಗಳಿಗೆ ವಸಿ ಬುದ್ಧಿ ಹೇಳು. ಪಂಚಾಯ್ತಿಯೋರು ಭಾಷಣ ಬರೆದು ಕೊಡ್ತಾರಂತೆ, ಅದನ್ನ ಓದಿ ಕೂತ್ಕಳ್ಲಿ. ಇಲ್ಲ ಅಂದ್ರೆ ನಿನ್ನ ಮಟ್ಟೆ ನೀನೇ ಇಟ್ಕೊ."

ಆ ಸುತ್ತಮುತ್ತ ಮಟ್ಟೆ ಕೊಳ್ಳುವವನು ಅವನೊಬ್ಬನೇ. ರುದ್ರೇಶ್ ಮನೆಗೆ ಬಂದವನೇ ಮಗಳನ್ನು ಕರೆದ.

"ಸಭೆಗೆ ಹೋಗ್ಬ್ಯಾಡ ಮಗ. ನಮ್ ಕಾಯಿದೇ ಪುಡಿ ತಾನೆ ಅದು? ಮರದ ಬುಡಕ್ಕೆ ಹಾಕಿದ್ರೆ ಗೊಬ್ಬರ. ಅದರಿಂದ ಯಾರಿಗೇನಾಯ್ತದೆ?"

"ನಿಸರ್ಗ ಮರ ಅಲ್ಲ ಅಪ್ಪ" ಅಂದಳು ಲಿಖಿತಾ. ಅಷ್ಟೇ. ಮತ್ತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ, ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೂ ಇಲ್ಲ.

ಲಿಖಿತಾ ಸಭೆಗೆ ಬರಲ್ಲ ಅನ್ನೋದು ಗೊತ್ತಾಗಿ ಮಾರನೇ ಸಂಜೆ ಸಮಾಜ ವಿಜ್ಞಾನದ ಪದ್ಮಶ್ರೀ ಮಿಸ್ ಮನೆಗೆ ಬಂದರು. ಶಿವಗಂಗಾ ಕಾಫಿ ತಂದಿಟ್ಟು ಅಲ್ಲೇ ಕೂತಳು.

"ನೋಡಿ ಮಿಸ್, ನನ್ನ ತಲೆ ಮೇಲೆ ಆಣೆ ಇಟ್ಟಿದ್ರು ಇವರು. ಅದಕ್ಕೇ ಬೆಳಗಿಂದ ತಲೆನೋವು."

"ಬಾಯ್ಮುಚ್ಚು ಅಂತ ನಾನೆಲ್ಲಿ ಅಂದೆ? ಹೋಗ್ಬ್ಯಾಡ ಅಂದೆ ಅಷ್ಟೆ" ಅಂದ ರುದ್ರೇಶ್.

"ಎರಡೂ ಒಂದೇ ಕಣ್ರೀ!"

ಪದ್ಮಶ್ರೀ ನಕ್ಕರು. "ರುದ್ರೇಶಣ್ಣ, ನಮ್ಮ ಸಂವಿಧಾನದ ಹತ್ತೊಂಬತ್ತನೇ ವಿಧಿ ಮಾತಾಡೋ ಸ್ವಾತಂತ್ರ್ಯ ಕೊಟ್ಟಿದೆ. ಮಕ್ಕಳಿಗೂ ಅದು ಸೇರಿದ್ದೇ. ಬರೆದು ಕೊಟ್ಟಿದ್ದನ್ನೇ ಓದ್ಬೇಕು ಅಂತ ಪಂಚಾಯ್ತಿ ಹಟ ಹಿಡಿಯೋ ಹಾಗಿಲ್ಲ."

"ಸಂವಿಧಾನ ನನ್ ಮಟ್ಟೆ ಕೊಂಡ್ಕಂತದಾ ಮಿಸ್?"

"ಇಲ್ಲ, ಕೊಳ್ಳಲ್ಲ. ಅದು ನನಗೂ ಗೊತ್ತು" ಅಂದರು ಪದ್ಮಶ್ರೀ. ಕಾಫಿ ಲೋಟ ಕೆಳಗಿಟ್ಟರು. "ಅಮೆರಿಕದಲ್ಲಿ ಐಯೋವಾ ಅಂತ ಒಂದು ರಾಜ್ಯ. ನಮ್ಮ ಹಾಗೇ ಬೇಸಾಯದ ಸೀಮೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1965ರಲ್ಲಿ, ಮೇರಿ ಬೆತ್ ಅನ್ನೋ ಹದಿಮೂರು ವರ್ಷದ ಹುಡುಗಿ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಸ್ಕೂಲಿಗೆ ಹೋದಳು. ಸತ್ತವರಿಗಾಗಿ ದುಃಖ, ಯುದ್ಧ ನಿಲ್ಲಲಿ ಅನ್ನೋ ಆಸೆ, ಇಷ್ಟೇ ಅದರ ಅರ್ಥ. ಯಾರಿಗೂ ಬೈಲಿಲ್ಲ, ಪಾಠ ಕೆಡಿಸಲಿಲ್ಲ. ಸ್ಕೂಲಿನೋರು ಅವಳನ್ನ ಮನೆಗೆ ಕಳಿಸಿಬಿಟ್ರು."

"ಅಲ್ಲೂ ಹಿಂಗೇನಾ?"

"ಅಲ್ಲೂ ಹೀಗೇ. ಮಾತಿನ ಸ್ವಾತಂತ್ರ್ಯ ಸರ್ಕಾರ ಕಿತ್ಕೊಳ್ಳೋ ಹಾಗಿಲ್ಲ ಅಂತ ಅವರ ಸಂವಿಧಾನದಲ್ಲಿ ಬರೆದು ಅಷ್ಟೊತ್ತಿಗೆ ನೂರೈವತ್ತು ವರ್ಷದ ಮೇಲಾಗಿತ್ತು. ಬರೆದಿಟ್ಟ ಮಾತ್ರಕ್ಕೆ ಆಗಲ್ಲ ಅಣ್ಣ, ಯಾರಾದ್ರೂ ಎದ್ದು ಕೇಳ್ಬೇಕು. ಮೇರಿ ಬೆತ್ ಜೊತೆ ಇನ್ನಿಬ್ಬರು ಮಕ್ಕಳು ಕೋರ್ಟಿಗೆ ಹೋದ್ರು. ಅವರ ಹಿಂದೆ ಅಪ್ಪ ಅಮ್ಮಂದಿರು ನಿಂತ್ರು. ಆ ಹುಡುಗಿ ಮನೆಗೆ ಯಾರೋ ಕೆಂಪು ಬಣ್ಣ ಎರಚಿದ್ರು."

"ಅಯ್ಯೋ! ಆಮೇಲೆ?" ಅಂದಳು ಶಿವಗಂಗಾ.

"ಹೆದರಿ ಹಿಂದೆ ಸರೀಲಿಲ್ಲ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಕ್ಕಳ ಪರ ತೀರ್ಪು ಕೊಡ್ತು. ಸ್ಕೂಲಿನ ಗೇಟು ದಾಟಿದ ತಕ್ಷಣ ಮಕ್ಕಳ ಸ್ವಾತಂತ್ರ್ಯ ಹೋಗಿಬಿಡಲ್ಲ ಅಂತು. ಪಾಠ ಕೆಡಿಸೋಕೆ, ಇನ್ನೊಬ್ಬರ ಹಕ್ಕು ತುಳಿಯೋಕೆ ಮಾತ್ರ ಅವಕಾಶ ಇಲ್ಲ. ನಮ್ಮಲ್ಲೂ ಮಾತಿಗೆ ಮಿತಿ ಇದೆ. ಸುಳ್ಳು ಹೇಳಿ ಯಾರ ಹೆಸರೂ ಕೆಡಿಸೋ ಹಾಗಿಲ್ಲ. ಲಿಖಿತಾ ಹೇಳ್ಬೇಕು ಅಂತಿರೋದು ಸುಳ್ಳಾ?"

ಪದ್ಮಶ್ರೀ ಎದ್ದು ಹೋದ ಮೇಲೆ ರುದ್ರೇಶ್ ಒಳಗೆ ನೋಡಿದ. ಲಿಖಿತಾ ಗೋಡೆಗೆ ಒರಗಿ ಕೂತಿದ್ದಳು. ಮಾತು ಬಾರದ ಆ ದಿನಗಳಲ್ಲಿ ಕೂರುತ್ತಿದ್ದ ಹಾಗೇ ಕೂತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ಮಗ, ನಾಳೆ ಸಭೆ ಎಷ್ಟೊತ್ತಿಗೆ?"

"ಹತ್ತೂವರೆಗೆ."

"ನಾನೂ ಬತ್ತೀನಿ."

ಸಭೆಯಲ್ಲಿ ಪಂಚಾಯ್ತಿ ಸದಸ್ಯರೊಬ್ಬರು ಭಾಷಣ ಬರೆದ ಹಾಳೆಯನ್ನು ಲಿಖಿತಾಳ ಕೈಗಿಟ್ಟರು. ಅವಳು ಅದನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ಫ್ಯಾಕ್ಟರಿ ಮುಚ್ಚಿ ಅಂತ ನಾನು ಕೇಳ್ತಿಲ್ಲ. ನಮ್ಮಪ್ಪಾನೂ ಅಲ್ಲಿಗೇ ಮಟ್ಟೆ ಹಾಕೋದು. ಪುಡಿ ಹಾರದಂಗೆ ನೀರು ಚಿಮುಕಿಸಿ. ಸ್ಕೂಲಿನ ಕಡೆಗೆ ಎತ್ತರಕ್ಕೆ ನೆಟ್ ಕಟ್ಟಿ. ನಮ್ ನಿಸರ್ಗ..."

"ಸಾಕಮ್ಮ, ಬರ್ಕೊಟ್ಟಿದ್ದನ್ನ ಓದು" ಅಂದರು ಸದಸ್ಯರು. ಲಿಖಿತಾ ಮಡಿಸಿಟ್ಟ ಹಾಳೆಯ ಕಡೆ ನೋಡಿದಳು.

ಹಿಂದಿನ ಸಾಲಿನಲ್ಲಿದ್ದ ರುದ್ರೇಶ್ ಎದ್ದು ನಿಂತ. "ಮಾತಾಡ್ಲಿ ಬುಡಿ ಸ್ವಾಮಿ. ಪೂರ್ತಿ ಹೇಳ್ಲಿ."

ಸೂರ್ಯಪ್ರಕಾಶ್ ತಿರುಗಿ ನೋಡಿದ. "ನೀನೂನಾ ರುದ್ರಣ್ಣ?"

"ಹೂಂ ಕಣಪ್ಪ. ಅವಳು ಹೇಳಿದ್ದು ಸುಳ್ಳಾಗಿದ್ರೆ ಆಮೇಲೆ ನೀನೂ ಮೈಕ್ ತಗೊಂಡು ಹೇಳು. ನಾನೇ ಕೂತು ಕೇಳ್ತೀನಿ."

ಲಿಖಿತಾ ಪೂರ್ತಿ ಹೇಳಿದಳು. ಮಕ್ಕಳು ಚಪ್ಪಾಳೆ ಹೊಡೆದರು. ಪುಡಿಗೆ ನೀರು ಚಿಮುಕಿಸಬೇಕು, ನೆಟ್ ಕಟ್ಟಬೇಕು ಅಂತ ಸಭೆ ತೀರ್ಮಾನಿಸಿತು. ಈಗ ನೆಟ್ ಅರ್ಧ ಕಟ್ಟಿದ್ದಾರೆ, ಇನ್ನರ್ಧಕ್ಕೆ ಮಕ್ಕಳು ಕೇಳುತ್ತಲೇ ಇದ್ದಾರೆ. ಸೂರ್ಯಪ್ರಕಾಶ್ ಆ ಸಲ ರುದ್ರೇಶನ ಮಟ್ಟೆ ಕೊಳ್ಳಲಿಲ್ಲ. ಅಪ್ಪ ಮಗಳು ಸೇರಿ ಅದನ್ನೆಲ್ಲ ತೆಂಗಿನ ಬುಡಕ್ಕೆ ಹರಡಿದರು. ಬೇಸಿಗೆಗೆ ತೇವ ಹಿಡಿದುಕೊಳ್ಳುತ್ತದೆ. ಕೈಗೆ ಬರುವ ಕಾಸು ಬರಲಿಲ್ಲ, ಅದು ನಿಜ.

ಅಪ್ಪಂದಿರೇ, ಅಮ್ಮಂದಿರೇ, ದಿನವೆಲ್ಲ ದುಡಿದು ಬಂದ ಮೇಲೆ ಮಕ್ಕಳ ಪ್ರಶ್ನೆ ಕಿರಿಕಿರಿ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಆದರೂ ಒಂದು ಗಳಿಗೆ ಕೂತು ಕೇಳಿ. ನಿಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ. ಮಕ್ಕಳನ್ನು ಕಳಿಸಿ, ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಯಾರಾದರೂ ಸಾಕು ಅಂದರೆ, ಎದ್ದು ನಿಲ್ಲಿ.

ಶಿವಗಂಗಾಳ ತಲೆ ಮುಟ್ಟಿ ಇಟ್ಟ ಆಣೆಯನ್ನು ರುದ್ರೇಶ್ ಉಳಿಸಿಕೊಂಡ.