ಮಚ್ಚೆಯ ಹಂಜಾಕಿ, ಕಪ್ಪು ಹಂಜಾಕಿ

ಸೇತುವೆಯ ಕೆಳಗೆ ಹಿಡಿದು ತಂದಿದ್ದ ಹಂಜಾಕಿಯನ್ನು ಮಂಗಳವಾರ ಕೊಂದರು. ಅದು ಯಾವ ರಕ್ತದ್ದು ಎಂಬ ಪರೀಕ್ಷೆಯ ಫಲಿತಾಂಶ ಗುರುವಾರ ಬಂತು.

ಬಂದದ್ದು ಶಿಹೊಳ ಕಂಪ್ಯೂಟರಿಗೆ. ಕ್ಯೋಟೋದ ಉತ್ತರದ ಬೆಟ್ಟದಲ್ಲಿ, ಹೊಳೆ ದಂಡೆಯ ಸಂರಕ್ಷಣಾ ಕೇಂದ್ರದಲ್ಲಿ ಡಿಎನ್‌ಎ ನೋಡುವ ಕೆಲಸ ಅವಳದು. ಹೊಳೆಯಲ್ಲಿ ಸಿಕ್ಕ ಪ್ರತಿ ಹಂಜಾಕಿಯ ಬಾಲದ ತುದಿಯಿಂದ ಚೂರು ಚರ್ಮ ತೆಗೆದು, ಅದು ಈ ನೆಲದ್ದೋ, ಚೀನಾದ್ದೋ, ಎರಡರ ಬೆರಕೆಯೋ ಎಂದು ಹೇಳಬೇಕು. ಈ ನೆಲದ್ದಾದರೆ ಅದು ರಾಷ್ಟ್ರದ ಸ್ವತ್ತು, ಕೊಂದವರಿಗೆ ಜೈಲು. ಬೆರಕೆಯಾದರೆ ಫ್ರೀಜರಿನಲ್ಲಿ ಸಾವು. ಮಗುವಿನಷ್ಟು ಉದ್ದವಾಗಿ, ಕಲ್ಲಿನ ಸಂದಿಯಲ್ಲಿ ಬಾಯಿ ತೆರೆದು ಕೂರುವ, ಕಪ್ಪೆಯ ದೂರದ ನೆಂಟನಾದ ಆ ದೈತ್ಯ ಸಾಲಮಾಂಡರಿಗೆ ಈ ಯಾವುದೂ ಗೊತ್ತಿಲ್ಲ.

ಕೇಂದ್ರದ ತೊಟ್ಟಿಗಳಲ್ಲಿ ಎರಡಿದ್ದವು. ಒಂದರ ಮೈತುಂಬ ಮಚ್ಚೆ, ಇನ್ನೊಂದು ಅಚ್ಚ ಕಪ್ಪು. ಮಚ್ಚೆಯದೇ ಬೆರಕೆ ಎಂದು ಮುಖ್ಯಸ್ಥ ನಿಶಿವಾಕಿ ಕಣ್ಣಳತೆಯಲ್ಲೇ ತೀರ್ಮಾನಿಸಿ, ಫಲಿತಾಂಶಕ್ಕೆ ಕಾಯದೆ ಕೊಲ್ಲಿಸಿದ್ದರು. ಮಾರ್ಚ್ ಮುಗಿಯುವುದರೊಳಗೆ ಕೆಲಸ ಆಗಿದೆಯೆಂದು ಮೇಲಿನವರಿಗೆ ತೋರಿಸಬೇಕಿತ್ತು. ಈಗ ಪರದೆ ಉಲ್ಟಾ ಹೇಳುತ್ತಿತ್ತು: ಸತ್ತ ಮಚ್ಚೆಯದು ಅಪ್ಪಟ ಈ ಹೊಳೆಯದು. ಬದುಕಿರುವ ಕಪ್ಪಿನದೇ ಬೆರಕೆ.

ಚರ್ಮದ ಚೂರುಗಳ ಕೊಳವೆಗಳು ಅದಲುಬದಲಾಗಿರಬೇಕು ಎಂದುಕೊಂಡಳು. ಎರಡರಿಂದಲೂ ಮತ್ತೆ ಚರ್ಮ ತೆಗೆದು ಪರೀಕ್ಷೆಗೆ ಹಾಕಿದಳು. ಅದೇ ಬಂತು. ತಾಯಿಯ ಕಡೆಯಿಂದ ಮಾತ್ರ ಇಳಿಯುವ ಡಿಎನ್‌ಎ ನೋಡಿದಳು. ಎರಡರದೂ ಒಂದೇ, ಈ ಹೊಳೆಯಲ್ಲಿ ಹಿಂದಿನಿಂದ ಇದ್ದ ಯಾವುದೋ ಅಜ್ಜಿಯ ವಂಶ. ಹಾಗಾದರೆ ಕಪ್ಪಿನದು ಪರಕೀಯ ಹೇಗೆ? ಅಪ್ಪನ ಕಡೆಯಿಂದಲೋ, ಅಪ್ಪನ ಅಪ್ಪನ ಕಡೆಯಿಂದಲೋ? ಅಷ್ಟಕ್ಕೂ ತಾನು ನೋಡುವುದು ಕೆಲವೇ ಗುರುತುಗಳನ್ನು. ಇನ್ನೊಂದಿಷ್ಟು ಹುಡುಕಿದ್ದರೆ ಅಪ್ಪಟದ್ದರಲ್ಲೂ ಬೆರಕೆ ಸಿಗುತ್ತಿತ್ತೇನೋ. ಯೋಚಿಸಿದಷ್ಟೂ ಅಪ್ಪಟ ಎಂಬ ಮಾತು ಅವಳ ಕೈಯಿಂದ ಜಾರುತ್ತಾ ಹೋಯಿತು.

ತೊಟ್ಟಿ ನೋಡಿಕೊಳ್ಳುವ ಮುದುಕ ಇವಾವೊ ಕಪ್ಪಿನದಕ್ಕೆ ಮೀನು ಹಾಕುತ್ತಿದ್ದ.

"ಏನಂತೆ ಶಿಹೊ-ಚಾನ್, ನಿನ್ನ ಮಿಷನ್ನು? ಇವನು ನಮ್ಮವನೋ, ಅಲ್ಲವೋ?"

"ಅರ್ಧ ನಮ್ಮೋನು, ಇವಾವೊ-ಸಾನ್."

"ಅಲ್ಲಾ, ಉಳಿದರ್ಧ ಈಜ್ಕೊಂಡು ಬಂತಾ? ಹೋಟೆಲಲ್ಲಿ ಬೇಯಿಸಿ ತಿನ್ನೋಕೆ ಅಂತ ಚೀನಾದಿಂದ ತರಿಸಿದ್ದು ನಮ್ಮ ದೊಡ್ಡ ಮನುಷ್ಯರೇ. ಗಿರಾಕಿ ಬರ್ಲಿಲ್ಲ, ಹೊಳೆಗೆ ಬಿಟ್ರು. ತಂದೋರನ್ನ ಯಾವ ಫ್ರೀಜರಿಗೂ ಹಾಕ್ಲಿಲ್ಲ." ಕೈ ಒರೆಸಿಕೊಂಡ. "ಅರ್ಧಕ್ಕೆ ಸೀಳಿದ್ರೂ ಸಾಯಲ್ಲ ಅಂತ ಹಂಜಾಕಿ ಅಂದ್ರು ಹಿಂದಿನೋರು. ಪಾಪ, ಅವರ ಹತ್ರ ಫ್ರೀಜರ್ ಇರ್ಲಿಲ್ಲ."

ಅವಳಿಗೆ ನಗು ಬರಲಿಲ್ಲ.

ಫಲಿತಾಂಶ ತಿಳಿದ ನಿಶಿವಾಕಿ ಅವಳನ್ನು ಒಳಗೆ ಕರೆದು, ತಾವೇ ಚಹಾ ಬಗ್ಗಿಸಿಕೊಟ್ಟರು. ಮೇಜಿನ ಮೇಲೆ ಪುಟ್ಟ ತಟ್ಟೆ; ಅದರಲ್ಲಿ ಅಕ್ಕಿಕಾಳಿನಷ್ಟು ಗಾಜಿನ ಚಿಪ್. ಹಿಂದಿನ ಸಮೀಕ್ಷೆಯಲ್ಲಿ ಮಚ್ಚೆಯದರ ಚರ್ಮದಡಿ ಸೇರಿಸಿದ್ದ ಗುರುತಿನ ಚಿಪ್ ಅದು. ಸತ್ತ ದೇಹದಿಂದ ತೆಗೆದು ತೊಳೆದಿದ್ದರು.

"ಶಿಹೊ-ಸಾನ್, ಇದನ್ನ ಕಪ್ಪಿನದಕ್ಕೆ ಚುಚ್ಚಿಬಿಡಿ. ಭಾನುವಾರ ಶಾಲೆ ಮಕ್ಕಳ ಮುಂದೆ ಸೇತುವೆ ಹತ್ರ ಬಿಡೋಣ. ನಂಬರ್ ಸರಿ ಇದ್ರೆ ಮುಗೀತು, ದಾಖಲೆಯಲ್ಲಿ ಸತ್ತಿದ್ದು ಬೆರಕೆ, ಬಿಟ್ಟಿದ್ದು ಅಪ್ಪಟದ್ದು."

"ಅದು ಬೆರಕೆ, ನಿಶಿವಾಕಿ-ಸಾನ್. ಬಿಡೋ ಹಾಗಿಲ್ಲ."

"ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಇಲ್ಲ ಅಂದ್ರೆ ಕಾನೂನು ಪ್ರಕಾರ ನಾಳೆ ಅದನ್ನೂ ಕೊಲ್ಲಬೇಕು. ಒಂದು ಜೀವ ಉಳಿಯುತ್ತೆ ಅಂತಾದ್ರೂ ಯೋಚ್ನೆ ಮಾಡಿ."

ಅಲ್ಲೇ ಅವಳು ಸಿಕ್ಕಿಬಿದ್ದಳು. ಸುಳ್ಳು ಚುಚ್ಚಿದರೆ ಪ್ರಾಣಿ ಬದುಕುತ್ತದೆ, ಕೊಂದವರೂ ಬದುಕಿಕೊಳ್ಳುತ್ತಾರೆ. ನಿಜ ಹೇಳಿದರೆ ಸಾಯುವುದು ತಪ್ಪೇನೂ ಮಾಡದ ಕಪ್ಪು ಮಾತ್ರ. ಚಿಪ್ ತುಂಬಿದ ಸೂಜಿ ಹಿಡಿದು ತೊಟ್ಟಿಯ ಬಳಿಗೆ ಹೋದಳು. ನಿಶಿವಾಕಿಯೂ ಹಿಂದೆ ಬಂದರು. ಕಪ್ಪು ಹಂಜಾಕಿ ನೀರಿನಿಂದ ಮೂಗು ಎತ್ತಿ, ಒಂದು ಗುಟುಕು ಗಾಳಿ ಕುಡಿದು, ಮತ್ತೆ ಮುಳುಗಿತು.

ಅವಳು ಸೂಜಿ ಕೆಳಗಿಟ್ಟಳು.

"ಯಾಕೆ?"

"ಇದು ಹೊಳೆಲಿ ಮರಿ ಮಾಡುತ್ತೆ. ಅವನ್ನ ಹಿಡಿದು ಚರ್ಮ ತೆಗೆದು ನನ್ನ ಹತ್ರಾನೇ ಕಳಿಸ್ತೀರ. ಬೆರಕೆ ಅಂತ ನಾನೇ ಹೇಳ್ಬೇಕು. ಆಮೇಲೆ ಅವನ್ನೂ ಕೊಲ್ತೀರ. ಚುಚ್ಚಲ್ಲ."

"ಸರಿ. ಹಾಗಾದ್ರೆ ಫ್ರೀಜರ್ ತೆಗಿ." ನಿಶಿವಾಕಿಯ ಬಾಯಿಂದ ಬಹುವಚನ ಬಿದ್ದುಹೋಗಿತ್ತು.

"ಅದನ್ನೂ ಮಾಡಲ್ಲ."

"ತಲೆ ಕೆಟ್ಟಿದ್ಯಾ? ಎರಡರಲ್ಲಿ ಒಂದು ಆಗ್ಲೇಬೇಕು. ಮತ್ತೇನು ಮಾಡ್ತೀಯ?"

"ಗೊತ್ತಿಲ್ಲ."

ಇವಾವೊ ಮೀನಿನ ಬಕೆಟ್ಟು ಹಿಡಿದು ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡುತ್ತಿದ್ದ. ಶಿಹೊ ತೊಟ್ಟಿಯ ಮುಚ್ಚಳ ಎಳೆದು ಹಾಕಿ, ಅದರ ಮೇಲೆ ಹತ್ತಿ ಕೂತಳು.

"ಇಳಿ," ಎಂದರು ನಿಶಿವಾಕಿ.

"ಇಳಿಯಲ್ಲ."