ಕನ್ನಡಿ ಹಿಡಿದವಳು

ಬಡಗಿಯ ಎಡಗೈ ಮುರಿದು ಪ್ಲಾಸ್ಟರಿನೊಳಗೆ ಕೂತಿತ್ತು. ವ್ಯಾಯಾಮ ಹೇಳಿಕೊಡುವಾಕೆ, "ಎರಡು ಕೈ ನಡುವೆ ಕನ್ನಡಿ ಇಟ್ಟು ಬಲಗೈಲಿ ಭಾರ ಎತ್ತಿ. ಕನ್ನಡೀಲಿ ಕಾಣೋದು ಎಡಗೈ ಅಂತ ನಂಬಿ, ಅದಕ್ಕೂ ಬಲ ಬರುತ್ತೆ" ಅಂದಳು.

ಬೀರುವಿನಿಂದ ಬಿಚ್ಚಿದ ಆಳೆತ್ತರದ ಕನ್ನಡಿಯನ್ನು ಹೆಂಡತಿ ದಿನಾ ಅರ್ಧ ಗಂಟೆ ಅಲುಗದಂತೆ ಎತ್ತಿ ಹಿಡಿದಳು. ಬಡಗಿ ಬೆವರು ಸುರಿಸಿ ನಂಬಿದ.

ಆರು ವಾರದ ಮೇಲೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿ, ಹಿಡಿತ ಅಳೆಯುವ ಯಂತ್ರ ಕೊಟ್ಟರು. ಎಡಗೈ ಪರವಾಗಿಲ್ಲ ಅನ್ನುವಷ್ಟು ಒತ್ತಿತು. ತಮಾಷೆಗೆಂದು ಹೆಂಡತಿಯೂ ಒತ್ತಿದಳು. ಮುಳ್ಳು ಕೊನೆ ಮುಟ್ಟಿ ಅಲ್ಲೇ ಸಿಕ್ಕಿಕೊಂಡಿತು.

"ನೀನು ಯಾವಾಗ ಭಾರ ಎತ್ತಿದ್ದು?" ಬಡಗಿ ಕೇಳಿದ.

"ನೀವು ನಂಬ್ತಾ ಇದ್ದಾಗ."

ಮರುದಿನ ಗಿರಾಕಿಯೊಬ್ಬರಿಗೆ ಮೇಜು ತಲುಪಿಸಬೇಕಿತ್ತು. ಅವಳು ಅದನ್ನು ಹೆಗಲಿಗೇರಿಸಿ ಮೂರು ಮಹಡಿ ಹತ್ತಿದಳು. ಬಡಗಿ ಅದರ ಡ್ರಾಯರ್ ಹಿಡಿದು ಹಿಂದೆ ನಡೆದ.